ಒಂದು ನಿಮಿಷದ ಓದು

(ನಮ್ಮ ತಾಲ್ಲೂಕಿನ ಹೈಸ್ಕೂಲ್ ವಿಜ್ಞಾನ ಶಿಕ್ಷಕರ ಸಭೆಯಲ್ಲಿ ಮಾಡಿದ ಉಪನ್ಯಾಸ. ಮಾತಾಡುವಾಗ ಬಿಟ್ಟುಹೋಗಿದ್ದ ಒಂದೆರಡು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನಿಮ್ಮನ್ನು ಒಂದು ತರಗತಿಗೆ ಕರೆದುಕೊಂಡು ಹೋಗುತ್ತೇನೆ. 2005ರ ಜನವರಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಡೋವರ್ ಅಂತ ಒಂದು ಸಣ್ಣ ಊರು. ಅಲ್ಲಿನ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ, ಜೀವಶಾಸ್ತ್ರದ ಪೀರಿಯಡ್. ಪಾಠ ಶುರುವಾಗುವ ಮೊದಲು ಆಡಳಿತ ಕಚೇರಿಯ ಅಧಿಕಾರಿಯೊಬ್ಬರು ಕೈಯಲ್ಲಿ ಒಂದು ಹಾಳೆ ಹಿಡಿದು ಒಳಗೆ ಬರುತ್ತಾರೆ. ಅವರು ಬಂದ ತಕ್ಷಣ ಮೇಷ್ಟ್ರು ತರಗತಿ ಬಿಟ್ಟು ಹೊರಗೆ ಹೋಗುತ್ತಾರೆ. ಕೆಲವು ಮಕ್ಕಳೂ ಎದ್ದು ಹೋಗುತ್ತಾರೆ. ಅಧಿಕಾರಿ ನಾಲ್ಕು ಪ್ಯಾರಾ ಓದುತ್ತಾರೆ. ಒಂದು ನಿಮಿಷದ ಓದು. ಮಕ್ಕಳು ಪ್ರಶ್ನೆ ಕೇಳುವ ಹಾಗಿಲ್ಲ. ಓದಿ ಮುಗಿಸಿ ಅವರು ಹೋಗುತ್ತಾರೆ, ಮೇಷ್ಟ್ರು ವಾಪಸ್ ಬರುತ್ತಾರೆ.

ಆ ಹಾಳೆಯಲ್ಲಿ ಇದ್ದದ್ದರ ಸಾರ ಇಷ್ಟು. ಡಾರ್ವಿನ್ನನ ಜೀವವಿಕಾಸ ಒಂದು ಥಿಯರಿ, ಅದು ಸತ್ಯಸಂಗತಿ ಅಲ್ಲ. ಅದರಲ್ಲಿ ಪುರಾವೆ ಇಲ್ಲದ ಜಾಗಗಳಿವೆ. ಜೀವಿಗಳ ಹುಟ್ಟಿಗೆ 'ಇಂಟೆಲಿಜೆಂಟ್ ಡಿಸೈನ್' ಅನ್ನುವ ಬೇರೊಂದು ವಿವರಣೆಯೂ ಇದೆ. ಅಂದರೆ, ಯಾರೋ ಬುದ್ಧಿವಂತ ಕರ್ತೃ ಯೋಜನೆ ಹಾಕಿ ಜೀವಿಗಳನ್ನು ರೂಪಿಸಿದ್ದಾನೆ ಅನ್ನುವ ವಾದ. ಅದರ ಬಗ್ಗೆ ಒಂದು ಪುಸ್ತಕ ಶಾಲೆಯಲ್ಲಿದೆ, ಬೇಕಾದವರು ನೋಡಬಹುದು. ತೆರೆದ ಮನಸ್ಸಿನಿಂದ ಯೋಚಿಸಿ.

ಕೇಳಿದರೆ ಇದರಲ್ಲಿ ತಪ್ಪೇನಿದೆ ಅನ್ನಿಸುತ್ತದೆ, ಅಲ್ವಾ? ಡಾರ್ವಿನ್ ಪಾಠ ಮಾಡಬೇಡಿ ಅಂತ ಯಾರೂ ಹೇಳಿಲ್ಲ. ದೇವರ ಹೆಸರೂ ಬಂದಿಲ್ಲ. ಒಂದು ನಿಮಿಷ ಓದಿಬಿಟ್ಟರೆ ಆಯಿತು. ಆದರೆ ಆ ಶಾಲೆಯ ವಿಜ್ಞಾನ ಶಿಕ್ಷಕರು ಓದುವುದಿಲ್ಲ ಅಂದರು. ಅದಕ್ಕೇ ಅಧಿಕಾರಿ ಬಂದು ಓದಬೇಕಾಯಿತು. ಶಿಕ್ಷಕರು ಮೇಲಧಿಕಾರಿಗೆ ಪತ್ರ ಬರೆದರು. ಇಂಟೆಲಿಜೆಂಟ್ ಡಿಸೈನ್ ವಿಜ್ಞಾನ ಅಲ್ಲ, ಜೀವಶಾಸ್ತ್ರವೂ ಅಲ್ಲ ಅಂತ ಆ ಪತ್ರದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದರು. ಗೊತ್ತಿದ್ದೂ ವಿಷಯವನ್ನು ತಿರುಚಿ ಹೇಳಬಾರದು ಅಂತ ಆ ರಾಜ್ಯದ ಶಿಕ್ಷಕರ ನೀತಿಸಂಹಿತೆ ಹೇಳುತ್ತದೆ. ಅದನ್ನೇ ಮುಂದಿಟ್ಟರು. ನಾವು ಓದಿದರೆ ಮಕ್ಕಳು ಇದನ್ನೂ ವಿಜ್ಞಾನ ಅಂತಲೇ ತಿಳಿಯುತ್ತಾರೆ, ಹಾಗೆ ತಿಳಿಯುವುದು ಅವರ ತಪ್ಪೂ ಅಲ್ಲ ಅಂದರು.

ಇವತ್ತು ನಿಮ್ಮ ಮುಂದೆ ಈ ಕಥೆ ಹೇಳಬೇಕು ಅನ್ನಿಸಿದ್ದಕ್ಕೆ ಒಂದು ಸ್ವಂತ ಕಾರಣ ಇದೆ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ವಿಕಾಸದ ಪಾಠಕ್ಕೆ ಬಂದಾಗಲೆಲ್ಲ ಒಂದು ಮಾತು ಹೇಳುತ್ತಿದ್ದೆ. "ನೋಡ್ರಪ್ಪಾ, ಇದನ್ನ ನೀವು ನಂಬಬೇಕು ಅಂತೇನಿಲ್ಲ. ಪರೀಕ್ಷೆಗೆ ಬರೀರಿ, ಸಾಕು." ಹಾಗೆ ಹೇಳಿದರೆ ಯಾರಿಗೂ ಬೇಜಾರಾಗಲ್ಲ, ಮನೆಯವರಿಂದ ತಕರಾರು ಬರಲ್ಲ ಅಂತ ನನ್ನ ಲೆಕ್ಕ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಹಾಗಾದ್ರೆ ಸಾರ್, ಉಳಿದ ಪಾಠಗಳೂ ಹಾಗೇನಾ?" ಅಂದಳು. ಹೃದಯದ ಪಾಠ, ಜೀವಕೋಶದ ಪಾಠ, ಎಲ್ಲವೂ ಸುಮ್ನೆ ಪರೀಕ್ಷೆಗಾ ಅಂತ. ಅವಳು ಅಧಿಕಪ್ರಸಂಗ ಮಾಡಲಿಲ್ಲ, ನಿಜವಾಗಿಯೂ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಡೋವರ್‌ನ ಮೇಷ್ಟ್ರುಗಳು ಓದಲ್ಲ ಅಂದ ಆ ಒಂದು ನಿಮಿಷದ ಓದನ್ನು ನಾನು ಯಾರೂ ಹೇಳದೆ, ನಾನಾಗಿಯೇ, ಪ್ರತಿ ವರ್ಷ ಓದುತ್ತಿದ್ದೆ.

ಡೋವರ್‌ಗೆ ಬರುವ ಮೊದಲು ಸ್ವಲ್ಪ ಹಿಂದೆ ಹೋಗೋಣ. ಡೋವರ್ ಹೊತ್ತಿಗೆ ಈ ಜಗಳ ಅಲ್ಲಿ 80 ವರ್ಷ ಹಳೆಯದು. 1925ರಲ್ಲಿ ಟೆನೆಸಿ ರಾಜ್ಯ ಒಂದು ಕಾನೂನು ಮಾಡಿತು. ಸರ್ಕಾರಿ ಶಾಲೆಯಲ್ಲಿ ಮನುಷ್ಯ ಕೆಳಗಿನ ಪ್ರಾಣಿಗಳಿಂದ ಬಂದ ಅಂತ ಕಲಿಸಿದರೆ ಅಪರಾಧ. ಡೇಟನ್ ಅನ್ನುವ ಊರಿನಲ್ಲಿ ಜಾನ್ ಸ್ಕೋಪ್ಸ್ ಎಂಬ ಯುವಕ ಶಿಕ್ಷಕನ ಮೇಲೆ ಕೇಸಾಯಿತು. ಜುಲೈ ಸೆಕೆಯಲ್ಲಿ ಜನ ತುಂಬಿ ಒಂದು ದಿನ ವಿಚಾರಣೆಯನ್ನೇ ಕೋರ್ಟಿನ ಹೊರಗೆ ಹುಲ್ಲಿನ ಮೇಲೆ ನಡೆಸಿದರು. ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು. ಆಮೇಲೆ ಮೇಲಿನ ಕೋರ್ಟು ಒಂದು ತಾಂತ್ರಿಕ ಕಾರಣ ಕೊಟ್ಟು ಆ ತೀರ್ಪು ರದ್ದು ಮಾಡಿತು, ಆದರೆ ಕಾನೂನು ಮಾತ್ರ 1967ರ ತನಕ ಉಳಿಯಿತು. ಮರುವರ್ಷ ಅಲ್ಲಿನ ಸುಪ್ರೀಂ ಕೋರ್ಟ್ ಅರ್ಕಾನ್ಸಾ ರಾಜ್ಯದ ಅಂಥದ್ದೇ ನಿಷೇಧವನ್ನು ಹೊಡೆದುಹಾಕಿತು. ಸರ್ಕಾರ ಯಾವ ಧರ್ಮದ ಪರವಾಗಿಯೂ ನಿಲ್ಲುವಂತಿಲ್ಲ ಅಂತ ಅವರ ಸಂವಿಧಾನದಲ್ಲಿ ಇದೆ. ಅದೇ ಆಧಾರ.

ನಿಷೇಧ ನಡೆಯಲಿಲ್ಲ. ಆಗ ಸಮಪಾಲು ಕೇಳಿದರು. ವಿಕಾಸ ಕಲಿಸುವುದಾದರೆ 'ಸೃಷ್ಟಿ ವಿಜ್ಞಾನ'ವನ್ನೂ ಕಲಿಸಿ ಅಂತ ಲೂಸಿಯಾನಾದಲ್ಲಿ ಕಾನೂನು ಬಂತು. 1987ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 7–2ರಲ್ಲಿ ಅದನ್ನೂ ತಳ್ಳಿಹಾಕಿತು. ಆಮೇಲೆ ಬಂದದ್ದು ಡೋವರ್‌ನ ಒಂದು ನಿಮಿಷ. ಬೇಡಿಕೆ ಹೇಗೆ ಚಿಕ್ಕದಾಗುತ್ತಾ ಬಂತು ನೋಡಿ. ಮೊದಲು ಪೂರ್ತಿ ಬಾಯಿ ಮುಚ್ಚಿಸಿ ಅಂದರು, ಆಮೇಲೆ ಅರ್ಧ ಪಾಲು ಕೊಡಿ ಅಂದರು, ಕೊನೆಗೆ ನಾಲ್ಕು ಪ್ಯಾರಾ ಓದಿ ಅಂದರು. ಬೇಡಿಕೆ ಚಿಕ್ಕದಾದಷ್ಟೂ ಇಲ್ಲ ಅನ್ನುವುದು ಕಷ್ಟ. ಇಷ್ಟಕ್ಕೆಲ್ಲ ಯಾಕೆ ಹಟ ಅಂತ ಊರವರೇ ಕೇಳುತ್ತಾರೆ.

ಡೋವರ್‌ನ ಶಾಲಾ ಮಂಡಳಿ 2004ರ ಅಕ್ಟೋಬರ್ 18ರಂದು 6–3 ಮತಗಳಲ್ಲಿ ಈ ನಿರ್ಣಯ ಮಾಡಿತು. ವಿರೋಧಿಸಿದವರಲ್ಲಿ ಗಂಡ ಹೆಂಡತಿ ಇಬ್ಬರಿದ್ದರು. ಅವತ್ತು ರಾತ್ರಿಯೇ ಇಬ್ಬರೂ ರಾಜೀನಾಮೆ ಕೊಟ್ಟರು. ಡಿಸೆಂಬರ್‌ನಲ್ಲಿ 11 ಜನ ಪೋಷಕರು ಕೋರ್ಟಿಗೆ ಹೋದರು. ಮೊದಲ ಹೆಸರು ಟ್ಯಾಮಿ ಕಿಟ್ಸ್‌ಮಿಲ್ಲರ್ ಎಂಬ ತಾಯಿಯದು. ಹಾಗಾಗಿ ಕೇಸಿಗೆ ಅವರ ಹೆಸರೇ ಉಳಿಯಿತು. ಹ್ಯಾರಿಸ್‌ಬರ್ಗ್‌ನ ಫೆಡರಲ್ ಕೋರ್ಟಿನಲ್ಲಿ 2005ರ ಸೆಪ್ಟೆಂಬರ್ 26ರಿಂದ ನವೆಂಬರ್ 4ರ ತನಕ ವಿಚಾರಣೆ ನಡೆಯಿತು. ನ್ಯಾಯಾಧೀಶರು ಜಾನ್ ಜೋನ್ಸ್. ಅವರನ್ನು ನೇಮಿಸಿದ್ದು ಅಧ್ಯಕ್ಷ ಜಾರ್ಜ್ ಬುಷ್. ಅದೇ ಬುಷ್ ಆ ವರ್ಷ ಆಗಸ್ಟ್‌ನಲ್ಲಿ, ಮಕ್ಕಳಿಗೆ ಎರಡೂ ಕಡೆಯದನ್ನು ಹೇಳಿಕೊಡಬೇಕು ಅಂತ ಹೇಳಿದ್ದರು. ತಮ್ಮವರೇ ನ್ಯಾಯಾಧೀಶರು ಸಿಕ್ಕಿದ್ದಾರೆ ಅಂತ ಮಂಡಳಿಯ ಪರ ಇದ್ದವರಿಗೆ ಧೈರ್ಯ ಬಂದಿದ್ದರೆ ಆಶ್ಚರ್ಯ ಇಲ್ಲ.

ಮೊದಲ ಸಾಕ್ಷಿ ಕೆನೆತ್ ಮಿಲ್ಲರ್. ಬ್ರೌನ್ ವಿಶ್ವವಿದ್ಯಾಲಯದ ಜೀವಶಾಸ್ತ್ರಜ್ಞರು. ಡೋವರ್ ಶಾಲೆಯ ಜೀವಶಾಸ್ತ್ರ ಪಠ್ಯಪುಸ್ತಕ ಬರೆದವರಲ್ಲಿ ಅವರೂ ಒಬ್ಬರು. ಕ್ಯಾಥೊಲಿಕ್ ಧರ್ಮವನ್ನು ಶ್ರದ್ಧೆಯಿಂದ ಪಾಲಿಸುವವರು. ಅವರು ಕೋರ್ಟಿಗೆ ತೋರಿಸಿದ ಒಂದು ಪುರಾವೆಯನ್ನು ನಿಮಗೂ ತೋರಿಸುತ್ತೇನೆ. ಇದನ್ನು ನೀವು ನಾಳೆಯೇ ತರಗತಿಯಲ್ಲಿ ಹೇಳಬಹುದು.

ಕ್ರೋಮೋಸೋಮು ಅಂದರೆ ಅನುವಂಶೀಯ ಮಾಹಿತಿ ಹೊತ್ತ ಡಿಎನ್‌ಎ ಎಳೆ. ಮನುಷ್ಯನ ಜೀವಕೋಶದಲ್ಲಿ 46 ಕ್ರೋಮೋಸೋಮು, ಅಂದರೆ 23 ಜೊತೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಮೂರಕ್ಕೂ 48, ಅಂದರೆ 24 ಜೊತೆ. ನಾವೆಲ್ಲ ಒಂದೇ ಮೂಲದಿಂದ ಬಂದವರಾದರೆ ನಮ್ಮ ಒಂದು ಜೊತೆ ಎಲ್ಲಿ ಹೋಯಿತು? ಒಂದು ಜೊತೆ ಕ್ರೋಮೋಸೋಮು ಪೂರ್ತಿ ಕಳೆದುಹೋದರೆ ಜೀವಿ ಬದುಕುವುದಿಲ್ಲ. ಹಾಗಾದರೆ ಎರಡು ಕ್ರೋಮೋಸೋಮು ಅಂಟಿಕೊಂಡು ಒಂದಾಗಿರಬೇಕು. ಸುಮ್ನೆ ಹೀಗೆ ಹೇಳಿದರೆ ಅದು ಬರೀ ಊಹೆ. ಅಂಟಿಕೊಂಡಿದ್ದರೆ ಗುರುತು ಇರಲೇಬೇಕು. ಆ ಗುರುತು ಇಲ್ಲದಿದ್ದರೆ ಈ ಮಾತು ಸುಳ್ಳು.

ಗುರುತು ಯಾವುದು? ಎರಡು ಟವೆಲ್ ಇದೆ ಅಂದುಕೊಳ್ಳಿ. ಪ್ರತಿ ಟವೆಲಿನ ಎರಡು ತುದಿಯಲ್ಲೂ ಕುಚ್ಚು ಇರುತ್ತದೆ. ನಡುವೆ ಎಲ್ಲೋ ಒಂದು ಕಡೆ ಅಗಸರು ಹಾಕಿದ ಶಾಯಿ ಗುರುತು ಇರುತ್ತದೆ. ಈಗ ಎರಡನ್ನೂ ತುದಿಗೆ ತುದಿ ಇಟ್ಟು ಹೊಲಿಯಿರಿ. ಉದ್ದನೆಯ ಒಂದೇ ಬಟ್ಟೆ ಆಯಿತು. ಆದರೆ ತುದಿಯಲ್ಲಿ ಇರಬೇಕಾದ ಕುಚ್ಚು ಬಟ್ಟೆಯ ನಡುವೆ ಸಿಗುತ್ತದೆ. ಅಗಸರ ಗುರುತು ಒಂದರ ಬದಲು ಎರಡು ಸಿಗುತ್ತದೆ.

ಕ್ರೋಮೋಸೋಮಿನ ತುದಿಯ ಕುಚ್ಚಿಗೆ ಟೆಲೊಮಿಯರ್ ಅಂತ ಹೆಸರು. ಅಲ್ಲಿ ಡಿಎನ್‌ಎಯ ಟಿಟಿಎಜಿಜಿಜಿ ಅನ್ನುವ ಆರು ಅಕ್ಷರ ಮತ್ತೆ ಮತ್ತೆ ಬರುತ್ತದೆ. ನಡುವಿನ ಗುರುತಿಗೆ ಸೆಂಟ್ರೊಮಿಯರ್ ಅಂತ ಹೆಸರು. ಒಂದು ಕ್ರೋಮೋಸೋಮಿಗೆ ಅದು ಒಂದೇ ಇರಬೇಕು. ನಮ್ಮ ಎರಡನೇ ನಂಬರಿನ ಕ್ರೋಮೋಸೋಮು ತೆಗೆದು ನೋಡಿದರೆ, ತುದಿಯಲ್ಲಿ ಇರಬೇಕಾದ ಆ ಟೆಲೊಮಿಯರ್ ಅಕ್ಷರಗಳು ಒಳಭಾಗದಲ್ಲಿ ಕೂತಿವೆ. ಅದೂ ಒಂದಕ್ಕೊಂದು ಎದುರುಬದುರಾಗಿ, ಎರಡು ತುದಿ ಬಂದು ಸೇರಿದ ಹಾಗೆಯೇ. ಕೆಲಸ ಮಾಡುವ ಸೆಂಟ್ರೊಮಿಯರ್ ಒಂದು ಇದೆ. ಇನ್ನೊಂದು ಕಡೆ ಕೆಲಸ ನಿಲ್ಲಿಸಿದ, ಮಾಸಿಹೋದ ಎರಡನೇ ಸೆಂಟ್ರೊಮಿಯರ್‌ನ ಉಳಿಕೆ ಇದೆ. ಚಿಂಪಾಂಜಿಯ ಎರಡು ಕ್ರೋಮೋಸೋಮು ಪಕ್ಕದಲ್ಲಿಟ್ಟರೆ ಪಟ್ಟಿಗೆ ಪಟ್ಟಿ ಕೂಡುತ್ತದೆ.

ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತು. ಈಗ ಹೇಳುವಾಗಲೂ ಹಾಗೇ ಆಗುತ್ತಿದೆ. ಈ ಹೊಲಿಗೆ ಇಲ್ಲಿ ಕೂತಿರುವ ನಮ್ಮೆಲ್ಲರ ಮೈಯಲ್ಲೂ ಇದೆ. ನಂಬುವವನಲ್ಲೂ ಇದೆ, ನಂಬದವನಲ್ಲೂ ಇದೆ.

ಮಂಡಳಿಯ ಪರ ಬಂದ ಮುಖ್ಯ ಸಾಕ್ಷಿ ಮೈಕೆಲ್ ಬೀಹಿ. ಅವರೂ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರೇ. ಅವರ ವಾದವನ್ನು ನ್ಯಾಯವಾಗಿ ಹೇಳಬೇಕು. ಇಲಿ ಹಿಡಿಯುವ ಸ್ಪ್ರಿಂಗಿನ ಬೋನು ನೋಡಿದ್ದೀರಲ್ಲ? ಹಲಗೆ, ಸ್ಪ್ರಿಂಗು, ಬಡಿಯುವ ಕಂಬಿ, ಕೊಂಡಿ. ಒಂದು ಭಾಗ ತೆಗೆದರೂ ಅದು ಇಲಿ ಹಿಡಿಯುವುದಿಲ್ಲ. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲ, ಅಂದರೆ ಫ್ಲಜೆಲ್ಲಮ್, ಅದೂ ಹೀಗೇ ಹತ್ತಾರು ಭಾಗ ಸೇರಿ ಆದದ್ದು. ಅರ್ಧ ಆಗಿದ್ದರೆ ಪ್ರಯೋಜನ ಇಲ್ಲ. ಹಾಗಾದರೆ ಸ್ವಲ್ಪಸ್ವಲ್ಪವೇ ಹೇಗೆ ಬೆಳೆಯಿತು? ಯಾರೋ ಒಟ್ಟಿಗೇ ಜೋಡಿಸಿರಬೇಕು. ಇದು ಅವರ ವಾದ. ಕೇಳಲು ಗಟ್ಟಿಯಾಗಿಯೇ ಇದೆ. ಮಿಲ್ಲರ್ ಇದಕ್ಕೆ ಉತ್ತರ ಕೊಟ್ಟಿದ್ದರು. ಆ ಬಾಲದ ಕೆಲವೇ ಭಾಗಗಳಿಗೆ ಹೋಲುವ ಭಾಗಗಳು ಬೇರೆ ಬ್ಯಾಕ್ಟೀರಿಯಾದಲ್ಲಿ ಸೂಜಿಯ ಹಾಗೆ ಕೆಲಸ ಮಾಡುತ್ತವೆ, ಬೇರೆ ಜೀವಕೋಶಕ್ಕೆ ವಿಷ ಚುಚ್ಚುತ್ತವೆ. ಅಂದರೆ ಈಜಲು ಬರದಿದ್ದರೂ ಆ ತುಂಡಿಗೆ ಬೇರೆ ಉಪಯೋಗ ಇದ್ದೇ ಇದೆ. ಕೊಡಲಿಯ ಕಾವು ಕಳಚಿದರೆ ಮರ ಕಡಿಯಲು ಆಗಲ್ಲ ನಿಜ, ಆದರೆ ಕಾವನ್ನು ಊರುಗೋಲು ಮಾಡಿಕೊಳ್ಳಬಹುದಲ್ಲ.

ದೇಹದ ರೋಗನಿರೋಧಕ ವ್ಯವಸ್ಥೆ ಹೇಗೆ ವಿಕಾಸವಾಯಿತು ಅನ್ನುವುದಕ್ಕೆ ವಿಜ್ಞಾನದಲ್ಲಿ ಉತ್ತರ ಇಲ್ಲ ಅಂತಲೂ ಬೀಹಿ ಬರೆದಿದ್ದರು. ಪೋಷಕರ ವಕೀಲರು ಅದೇ ವಿಷಯದ ಮೇಲಿನ 58 ಸಂಶೋಧನಾ ಲೇಖನ, 9 ಪುಸ್ತಕ, ಪಠ್ಯಪುಸ್ತಕಗಳ ಅಧ್ಯಾಯಗಳನ್ನು ತಂದು ಅವರ ಮುಂದೆ ಪೇರಿಸಿದರು. ಇಷ್ಟೂ ಸಾಕಾಗುವುದಿಲ್ಲ ಅನ್ನುವುದೇ ಬೀಹಿಯವರ ನಿಲುವಾಗಿತ್ತು. ಇನ್ನೊಂದು ಪ್ರಶ್ನೆ. ಥಿಯರಿ ಅನ್ನುವ ಪದಕ್ಕೆ ನೀವು ಕೊಡುವ ಅರ್ಥ ಹಿಡಿದರೆ ಜ್ಯೋತಿಷವೂ ವೈಜ್ಞಾನಿಕ ಥಿಯರಿ ಆಗುತ್ತದಾ? ಹೌದು, ಆ ಅರ್ಥದಲ್ಲಿ ಆಗುತ್ತದೆ ಅಂತ ಅವರು ಒಪ್ಪಿಕೊಂಡರು. ಬಾಗಿಲನ್ನು ಅಷ್ಟು ಅಗಲ ಮಾಡದಿದ್ದರೆ ಇಂಟೆಲಿಜೆಂಟ್ ಡಿಸೈನ್ ಒಳಗೆ ಬರುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಈಗ ಆ ಪುಸ್ತಕದ ಕಥೆ. 'ಆಫ್ ಪಾಂಡಾಸ್ ಅಂಡ್ ಪೀಪಲ್' ಅಂತ ಅದರ ಹೆಸರು. ಶಾಲೆಗೆ 60 ಪ್ರತಿ ದಾನವಾಗಿ ಬಂದಿತ್ತು, ಕೊಟ್ಟವರ ಹೆಸರಿರಲಿಲ್ಲ. ಕೊನೆಗೆ ವಿಚಾರಣೆಯಲ್ಲಿ ಹೊರಬಂತು. ಮಂಡಳಿಯ ಸದಸ್ಯರೊಬ್ಬರು ತಮ್ಮ ಚರ್ಚಿನಲ್ಲಿ ಹಣ ಎತ್ತಿದ್ದರು. ಅದನ್ನು ಇನ್ನೊಬ್ಬ ಸದಸ್ಯರ ತಂದೆಯ ಕೈಯಿಂದ ಕೊಡಿಸಿ ಪುಸ್ತಕ ತರಿಸಿದ್ದರು.

ಇದಕ್ಕಿಂತ ದೊಡ್ಡದು ಪುಸ್ತಕದ ಒಳಗೇ ಇತ್ತು. ಪೋಷಕರ ಕಡೆಯವರು ಪ್ರಕಾಶಕರಿಂದ ಪುಸ್ತಕದ ಹಳೆಯ ಕರಡುಗಳನ್ನು ತರಿಸಿಕೊಂಡರು. ಬಾರ್ಬರಾ ಫಾರೆಸ್ಟ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕಿ ಕೂತು ಒಂದೊಂದನ್ನೇ ಹೋಲಿಸಿದರು. 1987ರ ತೀರ್ಪಿಗಿಂತ ಹಿಂದಿನ ಕರಡುಗಳಲ್ಲಿ ಕ್ರಿಯೇಷನ್, ಅಂದರೆ ಸೃಷ್ಟಿ ಅಂತ ಇತ್ತು. ತೀರ್ಪು ಬಂದ ಮೇಲಿನ ಕರಡುಗಳಲ್ಲಿ ಅದೇ ಜಾಗದಲ್ಲಿ ಇಂಟೆಲಿಜೆಂಟ್ ಡಿಸೈನ್ ಅಂತ ಬಂದಿತ್ತು. ಪದ ಬದಲಾಗಿತ್ತು, ಅದರ ವಿವರಣೆ ಹಾಗೇ ಇತ್ತು. ಕ್ರಿಯೇಷನಿಸ್ಟ್ಸ್ ಅನ್ನುವುದನ್ನು ಅಳಿಸಿ ಡಿಸೈನ್ ಪ್ರೊಪೋನೆಂಟ್ಸ್ ಅಂತ ಹಾಕುತ್ತಾ ಹೋಗಿದ್ದರು. ಒಂದು ಕಡೆ ಮಾತ್ರ ಕೈ ತಪ್ಪಿತ್ತು. ಹಳೆಯ ಪದದ ಮೊದಲ ಅಕ್ಷರ ಸಿ ಮತ್ತು ಕೊನೆಯ ಇಸ್ಟ್ಸ್ ಅಳಿಸದೆ ಉಳಿದು, ನಡುವೆ ಹೊಸ ಪದ ಕೂತುಬಿಟ್ಟಿತ್ತು. 'ಸಿಡಿಸೈನ್ ಪ್ರೊಪೋನೆಂಟ್ಸಿಸ್ಟ್ಸ್'. ಹಾಗೊಂದು ಪದ ಯಾವ ಭಾಷೆಯಲ್ಲೂ ಇಲ್ಲ.

ಹಳೇ ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸಿದರೆ ಹೊಸದರ ಹಾಗೆ ಹೊಳೆಯುತ್ತದೆ. ಆದರೆ ಅಂಚಿನಲ್ಲಿ ಎಲ್ಲೋ ಒಂದು ಬೊಟ್ಟಿನಷ್ಟು ಕಲಾಯಿ ಹತ್ತದೆ ಉಳಿದಿರುತ್ತದೆ. ಅಲ್ಲಿ ನೋಡಿದರೆ ತಾಮ್ರ ಗೊತ್ತಾಗುತ್ತದೆ. ಈ ಪದ ಆ ಬೊಟ್ಟಿನಷ್ಟು ಜಾಗ. ಗಮನಿಸಿ, ಪುರಾವೆ ಹುಡುಕುವ ರೀತಿಯೂ ಒಂದೇ. ಕ್ರೋಮೋಸೋಮಿನಲ್ಲಿ ಹೊಲಿಗೆ ಹುಡುಕಿದರು, ಪುಸ್ತಕದಲ್ಲೂ ಹೊಲಿಗೆ ಹುಡುಕಿದರು. ಬೆಸೆದ ಜಾಗ ತನ್ನ ಕಥೆ ತಾನೇ ಹೇಳಿತು.

ತೀರ್ಪು ಬರುವ ಮೊದಲೇ ಊರು ಮಾತಾಡಿತು. ನವೆಂಬರ್ 8ರಂದು ಮಂಡಳಿಗೆ ಚುನಾವಣೆ. ಕಣದಲ್ಲಿದ್ದ ಹಳೆಯ ಸದಸ್ಯರು ಎಂಟೂ ಜನ ಸೋತರು. ಡಿಸೆಂಬರ್ 20ಕ್ಕೆ 139 ಪುಟದ ತೀರ್ಪು ಬಂತು. ಇಂಟೆಲಿಜೆಂಟ್ ಡಿಸೈನ್ ವಿಜ್ಞಾನ ಅಲ್ಲ, ಅದಕ್ಕೆ ಧರ್ಮದ ಮೂಲ ಇದೆ, ಶಾಲೆಯಲ್ಲಿ ಓದಿಸಿದ್ದು ಸಂವಿಧಾನಕ್ಕೆ ವಿರುದ್ಧ. ಮಂಡಳಿಯ ಕೆಲವರು ತಮ್ಮ ಉದ್ದೇಶ ಮುಚ್ಚಿಡಲು ಪ್ರಮಾಣ ಮಾಡಿ ಸುಳ್ಳು ಹೇಳಿದ್ದಾರೆ ಅಂತಲೂ ನ್ಯಾಯಾಧೀಶರು ಬರೆದರು. ಸಭೆಗಳಲ್ಲಿ ಸೃಷ್ಟಿವಾದ ಅನ್ನುವ ಪದವನ್ನೇ ಆಡಿಲ್ಲ ಅಂತ ಅವರು ಹೇಳಿದ್ದರು. ಆ ಸಭೆಗಳಲ್ಲಿ ಕೂತು ವರದಿ ಬರೆದಿದ್ದ ಊರಿನ ಇಬ್ಬರು ಪತ್ರಕರ್ತರು ಬಂದು, ನಾವು ಬರೆದದ್ದು ಸರಿ ಅಂದರು. ಸದಸ್ಯರೊಬ್ಬರು ಆ ಪದ ಆಡಿದ ಟೀವಿಯ ತುಣುಕೂ ಸಿಕ್ಕಿತು. ಈ ತೀರ್ಪಿಗಾಗಿ ಜೋನ್ಸ್ ಅವರಿಗೆ ಬೆದರಿಕೆ ಬಂದು ಕೆಲವು ದಿನ ಅವರ ಮನೆಗೆ ಕಾವಲು ಹಾಕಬೇಕಾಯಿತು. ಪೋಷಕರ ವಕೀಲರ ಖರ್ಚಿಗೆ ಮಂಡಳಿ 10 ಲಕ್ಷ ಡಾಲರ್ ಕೊಡಬೇಕಾಯಿತು. ಅದರ ಮೇಲೆ 11 ಡಾಲರ್, 11 ಪೋಷಕರಿಗೆ ತಲಾ ಒಂದರಂತೆ. ಆ ದುಡ್ಡು ಶಾಲೆಯದು, ಮಕ್ಕಳಿಗೆ ಖರ್ಚಾಗಬೇಕಾದದ್ದು. ಅದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಇಲ್ಲಿ ಒಂದು ವಿಷಯ ಒತ್ತಿ ಹೇಳುತ್ತೇನೆ. ಇದು ದೇವರನ್ನು ನಂಬುವವರಿಗೂ ನಂಬದವರಿಗೂ ನಡೆದ ಜಗಳ ಅಲ್ಲ. ಮಿಲ್ಲರ್ ಬಗ್ಗೆ ಆಗಲೇ ಹೇಳಿದೆ. ಪೋಷಕರ ಪರ ಸಾಕ್ಷಿ ಹೇಳಿದವರಲ್ಲಿ ಜಾನ್ ಹಾಟ್ ಎಂಬ ದೇವತಾಶಾಸ್ತ್ರದ ವಿದ್ವಾಂಸರೂ ಇದ್ದರು. ಚರ್ಚಿಗೆ ಹೋಗುವ ಪೋಷಕರೂ, ಶಿಕ್ಷಕರೂ ಇದ್ದರು. ಅವರಿಗೆ ನೋವಾದದ್ದು ಬೇರೆ ಕಾರಣಕ್ಕೆ. ವಿಕಾಸ ಒಪ್ಪಿದರೆ ನೀವು ದೇವರಿಗೆ ದೂರ ಅಂತ ಅಕ್ಕಪಕ್ಕದವರೇ ಹೇಳಲು ಶುರು ಮಾಡಿದ್ದರು.

'ಎರಡೂ ಕಡೆ ಹೇಳಿ' ಅನ್ನುವ ಮಾತಿಗೆ ಬರುತ್ತೇನೆ. ನಮ್ಮೂರ ಪಂಚಾಯ್ತಿ ಕಟ್ಟೆಯಲ್ಲೂ ಎರಡೂ ಕಡೆಯ ಮಾತು ಕೇಳಿಯೇ ನ್ಯಾಯ ಹೇಳುತ್ತಾರೆ. ಹಾಗಾಗಿ ಈ ಮಾತು ನಮಗೆ ತಕ್ಷಣ ಹಿಡಿಸುತ್ತದೆ. ಆದರೆ ಹಾವು ಕಚ್ಚಿದವರ ಮನೆಯಲ್ಲಿ ನಿಂತು, ಆಸ್ಪತ್ರೆಗೂ ಹೋಗಬಹುದು, ಮಂತ್ರವನ್ನೂ ಹಾಕಿಸಬಹುದು, ಎರಡೂ ಕಡೆ ಯೋಚನೆ ಮಾಡಿ ಅಂತ ಹೇಳುತ್ತೀವಾ? ಗಾಡಿ ಹತ್ತಿಸಿ ಆಸ್ಪತ್ರೆಗೆ ಕಳಿಸುತ್ತೀವಿ. ವಿಜ್ಞಾನದಲ್ಲೂ ಎರಡಲ್ಲ, ಇಪ್ಪತ್ತು ಕಡೆ ಇರುತ್ತವೆ. ಅವು ಪ್ರಯೋಗಶಾಲೆಯಲ್ಲಿ, ಸಂಶೋಧನಾ ಪತ್ರಿಕೆಗಳಲ್ಲಿ ಬಡಿದಾಡುತ್ತವೆ. ಗೆದ್ದು ಉಳಿದದ್ದು ಪಠ್ಯಕ್ಕೆ ಬರುತ್ತದೆ. ಆ ಪರೀಕ್ಷೆಗೇ ಕೂರದೆ ನೇರವಾಗಿ ಒಂಬತ್ತನೇ ತರಗತಿಗೆ ಬರಬೇಕು ಅನ್ನುವುದು ನ್ಯಾಯ ಅಲ್ಲ.

ವೇದಿಕೆಯ ಮೇಲೆ ಚರ್ಚೆ ಮಾಡಿ ತೀರ್ಮಾನ ಮಾಡೋಣ ಅನ್ನುವವರೂ ಇದ್ದಾರೆ. 2014ರ ಫೆಬ್ರವರಿಯಲ್ಲಿ ಅಮೆರಿಕದ ಕೆಂಟಕಿಯ ಸೃಷ್ಟಿ ಮ್ಯೂಸಿಯಂನಲ್ಲಿ, ಟೀವಿಯಲ್ಲಿ ವಿಜ್ಞಾನ ಹೇಳಿಕೊಟ್ಟು ಹೆಸರಾದ ಬಿಲ್ ನೈ ಮತ್ತು ಆ ಮ್ಯೂಸಿಯಂ ಕಟ್ಟಿದ ಸೃಷ್ಟಿವಾದಿ ಕೆನ್ ಹ್ಯಾಮ್ ನಡುವೆ ಅಂಥ ಚರ್ಚೆ ನಡೆಯಿತು. ಏನು ಸಿಕ್ಕರೆ ನಿಮ್ಮ ಅಭಿಪ್ರಾಯ ಬದಲಾಗುತ್ತದೆ ಅಂತ ಸಭಿಕರಿಂದ ಪ್ರಶ್ನೆ ಬಂತು. ಪುರಾವೆ ಅಂದರು ನೈ. ತನ್ನ ನಂಬಿಕೆ ಯಾವುದರಿಂದಲೂ ಬದಲಾಗುವುದಿಲ್ಲ ಅನ್ನುವ ಅರ್ಥದ ಮಾತು ಹೇಳಿದರು ಹ್ಯಾಮ್. ಆ ಒಂದು ಪ್ರಶ್ನೆ ಬಿಟ್ಟರೆ ವೇದಿಕೆಯ ಚರ್ಚೆಯಿಂದ ಜಾಸ್ತಿ ಏನೂ ಸಿಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಮಾತುಗಾರ ಗೆಲ್ಲುತ್ತಾನೆ. ಕೋರ್ಟಿನಲ್ಲಿ ಹಾಗಾಗಲಿಲ್ಲ. ಯಾಕೆಂದರೆ ಅಲ್ಲಿ ಪಾಟೀಸವಾಲು ಇತ್ತು, ಕರಡು ತಂದು ತೋರಿಸಬೇಕಿತ್ತು.

ಇನ್ನು ನಮ್ಮ ಕಡೆ ನೋಡೋಣ. 2018ರ ಜನವರಿಯಲ್ಲಿ, ಆಗ ಕೇಂದ್ರದ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್, ಡಾರ್ವಿನ್ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು ಅಂದರು. ಮಂಗ ಮನುಷ್ಯ ಆದದ್ದನ್ನು ನಮ್ಮ ಪೂರ್ವಜರು ಯಾರೂ ನೋಡಿದ್ದಾಗಿ ಹೇಳಿಲ್ಲ, ಬರೆದಿಲ್ಲ ಅಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಿಗೆ ಸೇರಿ ಇದು ತಪ್ಪು ಅಂತ ಹೇಳಿಕೆ ಕೊಟ್ಟವು. ಅದರಲ್ಲಿ ಒಂದು ನಮ್ಮ ಬೆಂಗಳೂರಿನಲ್ಲೇ ಇರುವ ಭಾರತೀಯ ವಿಜ್ಞಾನ ಅಕಾಡೆಮಿ. ಹಿರಿಯ ಸಚಿವರೂ ಇಂಥ ಮಾತು ಬೇಡ ಅಂದರು.

ಅದು ಸುದ್ದಿಯಾಯಿತು, ಜನ ಉತ್ತರ ಕೊಟ್ಟರು. ಆಮೇಲೆ ಆದದ್ದು ಅಷ್ಟು ಸದ್ದು ಮಾಡದೆ ಆಯಿತು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ ಪಠ್ಯ ಕತ್ತರಿಸಿತು. ಹತ್ತನೇ ತರಗತಿಯಲ್ಲಿ 'ಅನುವಂಶೀಯತೆ ಮತ್ತು ಜೀವವಿಕಾಸ' ಅಂತ ಇದ್ದ ಅಧ್ಯಾಯ ಬರೀ 'ಅನುವಂಶೀಯತೆ' ಆಯಿತು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೇ ತರಗತಿಯಲ್ಲಿ ಇದೆಯಲ್ಲ ಅನ್ನುವ ಉತ್ತರ ಬಂತು. ಇದೆ, ನಿಜ. ಆದರೆ ಹತ್ತು ಮುಗಿಸಿ ಕಾಮರ್ಸಿಗೆ, ಐಟಿಐಗೆ, ಕೆಲಸಕ್ಕೆ ಹೋಗುವ ಮಕ್ಕಳು? ತಾನು ಎಲ್ಲಿಂದ ಬಂದೆ ಅನ್ನುವ ಪಾಠ ಡಾಕ್ಟರ್ ಆಗುವವರಿಗೆ ಮಾತ್ರವಾ? ಡೋವರ್‌ನಲ್ಲಿ ಒಂದು ನಿಮಿಷ ಓದಲು ಜನ ಬೇಕಿತ್ತು, ಓದಲ್ಲ ಅನ್ನಲು ಮೇಷ್ಟ್ರಿಗೆ ಅವಕಾಶ ಇತ್ತು. ಪುಟವೇ ಇಲ್ಲದಿದ್ದರೆ ಯಾವುದನ್ನು ಓದಲ್ಲ ಅನ್ನುವುದು?

ನಮ್ಮಲ್ಲಿ ಇನ್ನೊಂದು ರೀತಿಯೂ ಇದೆ. ಇಲ್ಲಿ ವಿಕಾಸವನ್ನು ಎದುರಿಸುವುದಕ್ಕಿಂತ ಜಾಸ್ತಿ ಜನ, ಅದು ನಮ್ಮಲ್ಲೇ ಇತ್ತು ಅನ್ನುತ್ತಾರೆ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ. ನೀರಿನಿಂದ ನೆಲಕ್ಕೆ, ಪ್ರಾಣಿಯಿಂದ ಮನುಷ್ಯನಿಗೆ. ಭಾರತಕ್ಕೆ ಬಂದು ನೆಲೆಸಿದ ದೊಡ್ಡ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಕೂಡ ಈ ಹೋಲಿಕೆಯನ್ನು ಗುರುತಿಸಿದ್ದರು. ನಾನೂ ದಶಾವತಾರದ ಕಥೆ ಕೇಳಿ ಬೆಳೆದವನು, ನನಗೂ ಅದು ಇಷ್ಟ. ಆದರೆ ಅವತಾರದ ಕಥೆಯಲ್ಲಿ ಆಮೆ ಮೀನಿನ ಸಂತತಿ ಅಲ್ಲ. ಪ್ರತಿ ಸಲವೂ ದೇವರು ಹೊಸದಾಗಿ ಇಳಿದು ಬರುತ್ತಾನೆ. ಅದರ ಚೆಲುವೇ ಬೇರೆ, ಕೆಲಸವೇ ಬೇರೆ. ಅದನ್ನು ಡಾರ್ವಿನ್ ಪಕ್ಕ ನಿಲ್ಲಿಸಿದರೆ ಎರಡಕ್ಕೂ ಅನ್ಯಾಯ.

ನಮ್ಮ ಮಾತಿನಲ್ಲೇ ಎರಡು ಮುಳ್ಳು ಇವೆ. ಅವನ್ನು ತೆಗೆಯುವುದು ನಮ್ಮ ಕೈಯಲ್ಲಿದೆ. ಒಂದು, 'ವಿಕಾಸವಾದ' ಅನ್ನುವ ಪದ. ವಾದ ಅಂದರೆ ಮಕ್ಕಳಿಗೆ ಏನು ಕೇಳಿಸುತ್ತದೆ? ವಾದ, ಪ್ರತಿವಾದ. ವಕೀಲರ ವಾದ. ಒಬ್ಬ ಹೀಗಂದ, ಇನ್ನೊಬ್ಬ ಹಾಗಂದ. ಪಾಠ ಶುರುವಾಗುವ ಮೊದಲೇ ಪದವೇ ಅದನ್ನು ಜಗಳದ ಒಂದು ಕಡೆಗೆ ನಿಲ್ಲಿಸಿಬಿಡುತ್ತದೆ. ಡೋವರ್‌ನವರು ನಾಲ್ಕು ಪ್ಯಾರಾದಲ್ಲಿ ಹೇಳಿಸಿದ್ದನ್ನು ನಮ್ಮ ಎರಡಕ್ಷರ ಹೇಳುತ್ತದೆ. ರೋಗಾಣುಗಳಿಂದ ಕಾಯಿಲೆ ಬರುತ್ತದೆ ಅನ್ನುವುದೂ ಥಿಯರಿಯೇ. ನಾವು ಅದನ್ನು ರೋಗಾಣುವಾದ ಅಂತ ಕರೆದು ಕೈ ತೊಳೆಯದೆ ಕೂರುತ್ತೀವಾ? ಜೀವವಿಕಾಸ ಅನ್ನೋಣ, ಸಾಕು. ಥಿಯರಿ ಅಂದರೆ ಊಹೆ ಅಲ್ಲ, ನೂರಾರು ಸಂಗತಿಗಳನ್ನು ಒಟ್ಟಿಗೆ ವಿವರಿಸಿ, ಸುಳ್ಳು ಮಾಡಲು ಎಲ್ಲರೂ ನೋಡಿದ ಮೇಲೂ ಉಳಿದದ್ದು ಅಂತ ಒಮ್ಮೆ ಬಿಡಿಸಿ ಹೇಳೋಣ.

ಎರಡನೆಯದು 'ಮಂಗನಿಂದ ಮಾನವ'. ನಾಲಿಗೆಗೆ ಚೆನ್ನಾಗಿ ಹೊರಳುತ್ತದೆ, ಆದರೆ ತಪ್ಪು. ಮಂಗ ಈಗಲೂ ಮಂಗನಾಗಿಯೇ ಇದೆಯಲ್ಲ ಸಾರ್ ಅನ್ನುವ ಪ್ರಶ್ನೆ ಹುಟ್ಟುವುದೇ ಅಲ್ಲಿಂದ. ಹಳ್ಳಿಯ ಮಕ್ಕಳಿಗೆ ಹೇಳುವುದು ಸುಲಭ. ದಾಯಾದಿ ಅನ್ನಿ. ಮುತ್ತಜ್ಜ ಒಬ್ಬನೇ. ಮನೆ ಭಾಗವಾಯಿತು. ಒಂದು ಕವಲು ಚಿಂಪಾಂಜಿ, ಒಂದು ಕವಲು ನಾವು. ಭಾಗವಾಗಿ ಸುಮಾರು 60–70 ಲಕ್ಷ ವರ್ಷ ಆಗಿದೆ. ದಾಯಾದಿಯ ಮಕ್ಕಳು ಇನ್ನೂ ಯಾಕೆ ಇದ್ದಾರೆ ಅಂತ ಯಾರೂ ಕೇಳುವುದಿಲ್ಲ.

ಮಾತು ಮುಗಿದ ಮೇಲೆ ಒಬ್ಬ ಯುವ ಮೇಡಂ ಎದ್ದು ಕೇಳಿದರು. "ಸರ್, ನಾನು ಪಾಠ ಮಾಡ್ತೀನಿ. ಆದ್ರೆ ನಾಳೆ ಒಬ್ಬ ಅಪ್ಪ ಬಂದು, ನಮ್ಮ ಮಗಳಿಗೆ ದೇವರಿಲ್ಲ ಅಂತ ಕಲಿಸ್ತಿದೀರಾ ಅಂತ ಜಗಳಕ್ಕೆ ನಿಂತರೆ?"

ನಾನು ಹೇಳಿದ್ದು ಇಷ್ಟು. ಆ ಅಪ್ಪನಿಗೆ ಕುರ್ಚಿ ಕೊಡಿ. ಅವರ ಭಯ ಸುಳ್ಳಲ್ಲ, ಮಗಳು ಕೈತಪ್ಪಿ ಹೋಗುತ್ತಾಳೆ ಅನ್ನುವ ಭಯ ಅದು. ದೇವರ ಬಗ್ಗೆ ನಾನು ಏನೂ ಹೇಳಿಲ್ಲ, ಹೇಳುವ ಅಧಿಕಾರವೂ ನನಗಿಲ್ಲ ಅನ್ನಿ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬರ ಕರ್ತವ್ಯ ಅಂತ ನಮ್ಮ ಸಂವಿಧಾನದ 51ಎ ವಿಧಿಯಲ್ಲೇ ಇದೆ, ಅದನ್ನೂ ತಿಳಿಸಿ. ಆಮೇಲೆ ಮುಂದಿನ ಪೀರಿಯಡ್‌ಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರಿ ಅಂತ ಕರೆಯಿರಿ. ಕ್ರೋಮೋಸೋಮಿನ ಚಿತ್ರ ಹಾಕಿ. ಹೊಲಿಗೆ ಎಲ್ಲಿದೆ ಅಂತ ಮಕ್ಕಳ ಕೈಯಲ್ಲೇ ಹುಡುಕಿಸಿ. ಬೇಕಿದ್ದರೆ ಅಪ್ಪನೂ ಹುಡುಕಲಿ. ಪ್ರಶ್ನೆ ಕೇಳಲಿ. ಡೋವರ್‌ನ ಹಾಳೆಗೆ ಇಲ್ಲದ್ದು ಅದೇ ಅಲ್ವಾ, ಪ್ರಶ್ನೆಗೆ ಜಾಗ?

"ಚಿತ್ರ ಎಲ್ಲಿ ಸಿಗುತ್ತೆ ಸರ್?" ಅಂದರು ಅವರು.

ಮರುದಿನವೇ ಪೇಟೆಗೆ ಹೋಗಿ ಆ ಎರಡನೇ ಕ್ರೋಮೋಸೋಮನ್ನೂ ಚಿಂಪಾಂಜಿಯ ಎರಡನ್ನೂ ಅಕ್ಕಪಕ್ಕ ಇಟ್ಟು, ಗೋಡೆಗೆ ತೂಗುಹಾಕುವಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಬರುವ ಸೋಮವಾರ ಅವರ ಶಾಲೆಗೆ ಹೋಗುತ್ತಿದ್ದೇನೆ. ಜೊತೆಗೆ ಕುಚ್ಚಿರುವ ಎರಡು ಹಳೇ ಟವೆಲ್, ಸೂಜಿ ದಾರ.